ಸ್ಕಾಟ್ ಬಂಗಲೆ: ಶ್ರೀರಂಗಪಟ್ಟಣದ ಕಾಪಿಟ್ಟ ಮನೆಯೊಂದರ ಇತಿಹಾಸ

ಮಂಡ್ಯ ಜಿಲ್ಲೆಯ ಇತಿಹಾಸವೆಂದೊಡನೆ ಕೋಟೆ, ಕಾಳಗ, ದೇವಾಲಯ, ಶಾಸನ, ಕೆರೆ-ಕಾಲುವೆಗಳ ಕಡೆಗೆ ದೃಷ್ಟಿ ಹರಿಯುವುದು ಸಹಜ. ಜನರು ಬಾಳಿ ಬದುಕಿದ ಮನೆಗಳ ಇತಿಹಾಸಕ್ಕೆ ಅಷ್ಟು ಮನ್ನಣೆ ದೊರೆಯುವುದಿಲ್ಲ. ಮನೆಯು ವಾಸಿಸುವವರ ಅನುಕೂಲಕ್ಕೆ ತಕ್ಕಂತೆ ಮಾರ್ಪಡುತ್ತದೆ. ಒಬ್ಬರಿಂದ ಮತ್ತೊಬ್ಬರಿಗೆ ಸಲ್ಲುತ್ತದೆ. ಬಿದ್ದರೆ ಅದರ ಕಲ್ಲು-ಮರಗಳು ಬೇರೊಂದು ಮನೆಯ ಗೋಡೆ-ತೊಲೆಗಳಾಗುತ್ತವೆ. ಆದುದರಿಂದ ವಾಸಿಸುವವರಿಲ್ಲದೆ, ಯಾವ ಉಪಯೋಗಕ್ಕೂ ಬಾರದೆ, ಒಬ್ಬರ ದುಃಖದ ನೆನಪಿಗಾಗಿ ಮಾತ್ರವೇ ದಶಕಗಳ ಕಾಲ ಇದ್ದುದನ್ನು ಇದ್ದಂತೆಯೇ ಕಾಪಿಟ್ಟ ಮನೆ ಅತ್ಯಂತ ವಿರಳವೆನ್ನಬೇಕು. ಅಂಥ ಮನೆಯೊಂದು ಶ್ರೀರಂಗಪಟ್ಟಣದ ದ್ವೀಪದಲ್ಲಿ, ಕೋಟೆಯ ಮೈಸೂರು ಬಾಗಿಲಿನಿಂದ ಸುಮಾರು ಅರ್ಧ ಮೈಲಿಯ ದೂರದಲ್ಲಿ, ಕಾವೇರಿಯ ದಂಡೆಯ ಮೇಲಿದೆ. ಅದಕ್ಕೆ ಸ್ಕಾಟ್ ಬಂಗಲೆಯೆಂದು ಹೆಸರು.

ಈ ಮನೆಯಲ್ಲಿ ಯಾವ ಅರಸನೂ ವಾಸಿಸಲಿಲ್ಲ. ಇಲ್ಲಿ ಯಾವ ಒಪ್ಪಂದಕ್ಕೂ ಸಹಿ ಬೀಳಲಿಲ್ಲ. ಆದರೂ ಕ್ರಿ.ಶ. ೧೮೩೭ರಿಂದ ೧೯೦೧ರವರೆಗೆ ನಡೆದ ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಕಾಲದಲ್ಲಿ, ಶ್ರೀರಂಗಪಟ್ಟಣಕ್ಕೆ ಬಂದ ಆಂಗ್ಲರ ಪೈಕಿ ಈ ಮನೆಯ ಕಥೆಯನ್ನು ಕೇಳಿ ಮರುಗಿದವರು ಹಲವರು. ಮನೆಯು ಕಟ್ಟಲ್ಪಟ್ಟುದು ರಾಣಿಯು ಪಟ್ಟಕ್ಕೆ ಬರುವ ಮೊದಲೇ ಆದರೂ, ಅದರ ಕೀರ್ತಿಯು ಬೆಳೆದುದು ಆ ಯುಗದಲ್ಲಿ. ಕಥೆಯೊಂದು, ಕಲ್ಲಿನ ಬರೆಹವೊಂದು, ಅರಸನ ಅಪ್ಪಣೆಯೊಂದು ಈ ಮೂರೂ ಇಲ್ಲಿ ಒಂದರೊಡನೊಂದು ಹೆಣೆದುಕೊಂಡಿವೆ. ಅವುಗಳನ್ನು ಬಿಡಿಸಿ ನೋಡಿದರೆ ಜನರು ಯಾವುದನ್ನು ನೆನೆಯುತ್ತಾರೆ, ಯಾವುದನ್ನು ಮರೆಯುತ್ತಾರೆ ಎಂಬ ವಿಚಾರವು ತಕ್ಕಮಟ್ಟಿಗೆ ಸ್ಪಷ್ಟವಾಗುತ್ತದೆ.

ಮೊದಲು ಹಿನ್ನೆಲೆಯನ್ನು ಗಮನಿಸಬೇಕು. ಶ್ರೀರಂಗಪಟ್ಟಣದ ಮೇಲೆ ಆಂಗ್ಲರ ಸೈನ್ಯವು ಏರಿಬಂದ ದಾರಿಗಳು ಇಂದಿನ ಮಂಡ್ಯ ಜಿಲ್ಲೆಯ ಊರುಗಳನ್ನೇ ತುಳಿದು ಸಾಗಿದುವು. ಕ್ರಿ.ಶ. ೧೭೯೧ರಲ್ಲಿ ಕಾರ್ನ್‌ವಾಲಿಸನು ಮದ್ದೂರಿನ ಕೋಟೆಯನ್ನು ಕೆಡವಿಸಿದನು. ೧೭೯೯ರ ಮಾರ್ಚ್ ೨೭ರಂದು ಮಳವಳ್ಳಿಯ ಬಯಲಿನಲ್ಲಿ ಜನರಲ್ ಹ್ಯಾರಿಸನ ಸೈನ್ಯಕ್ಕೂ ಟೀಪು ಸುಲ್ತಾನನ ಸೈನ್ಯಕ್ಕೂ ಕಾಳಗವು ನಡೆದು, ಟೀಪುವು ಹಿಂದೆಗೆಯಬೇಕಾಯಿತು. ಹ್ಯಾರಿಸನು ಮಳವಳ್ಳಿಯಿಂದ ನೇರವಾದ ದಾರಿಯನ್ನು ಹಿಡಿಯದೆ ಸೋಸಲೆಯ ಬಳಿ ಕಾವೇರಿಯನ್ನು ದಾಟಿ, ಏಪ್ರಿಲ್ ಮೊದಲ ವಾರದಲ್ಲಿ ಶ್ರೀರಂಗಪಟ್ಟಣದ ಪಶ್ಚಿಮ ದಿಕ್ಕಿಗೆ ಬಂದು ಬೀಡುಬಿಟ್ಟನು. ಮೇ ೪ರಂದು ಕೋಟೆಯು ಬಿದ್ದಿತು, ಟೀಪುವು ಮಡಿದನು.

ಆ ಬಳಿಕ ಮೈಸೂರಿನ ಸಿಂಹಾಸನವು ಒಡೆಯರ ಮನೆತನಕ್ಕೆ ಮರಳಿತು. ಐದು ವರ್ಷದ ಬಾಲಕನಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ೧೭೯೯ರ ಜೂನ್ ೩೦ರಂದು ಪಟ್ಟಾಭಿಷೇಕವು ನಡೆಯಿತು. ರಾಜಧಾನಿಯು ಮೈಸೂರಿಗೆ ಹೋಯಿತು. ಆದರೆ ಶ್ರೀರಂಗಪಟ್ಟಣದ ದ್ವೀಪವನ್ನು ಕಂಪನಿ ಸರ್ಕಾರವು ತನ್ನಲ್ಲಿಯೇ ಉಳಿಸಿಕೊಂಡಿತು. ಅಲ್ಲಿ ದಂಡು ನೆಲೆನಿಂತಿತು. ಆರ್ಥರ್ ವೆಲ್ಲೆಸ್ಲಿಯು, ಅಂದರೆ ಮುಂದೆ ವೆಲಿಂಗ್‌ಟನ್ ಡ್ಯೂಕನೆಂದು ಹೆಸರಾದವನು, ಕೆಲವು ಕಾಲ ಅಲ್ಲಿಯ ಅಧಿಕಾರಿಯಾಗಿದ್ದನು. ದಿವಾನ್ ಪೂರ್ಣಯ್ಯನವರು ಕಾವೇರಿಗೆ ಕಟ್ಟಿಸಿ ೧೮೦೪ರಲ್ಲಿ ಪೂರೈಸಿದ ಕಲ್ಲಿನ ಸೇತುವೆಗೆ ಅವನ ಮನೆತನದ ಹೆಸರನ್ನೇ ಇಡಲಾಯಿತು.

ಕಂಪನಿಯವರು ದ್ವೀಪದಲ್ಲಿ ಸ್ಥಾಪಿಸಿದ ಮುಖ್ಯವಾದ ಕಾರ್ಯಾಗಾರವೆಂದರೆ ಫಿರಂಗಿಯ ಗಾಡಿಗಳನ್ನು ತಯಾರಿಸುವ ಕಾರ್ಖಾನೆ. ಅಂದಿನ ಯುದ್ಧದಲ್ಲಿ ಫಿರಂಗಿಯಷ್ಟೇ ಅದನ್ನು ಹೊತ್ತ ಗಾಡಿಯೂ ಮುಖ್ಯವಾಗಿದ್ದಿತು. ಚಕ್ರವು ಮುರಿದರೆ, ಅಚ್ಚು ಸೀಳಿದರೆ, ಎಂಥ ಫಿರಂಗಿಯಾದರೂ ದಾರಿಯ ಪಕ್ಕದಲ್ಲಿ ಬೀಳುವ ಲೋಹದ ತುಂಡು ಮಾತ್ರ. ಮಾಗಿದ ಮರ, ನುರಿತ ಬಡಗಿಗಳು, ಕಮ್ಮಾರರು ಇದಕ್ಕೆ ಬೇಕಾಗಿದ್ದರು. ಎಳೆಯುವುದಕ್ಕೆ ಮೈಸೂರು ಸೀಮೆಯ ಅಮೃತಮಹಲ್ ಎತ್ತುಗಳು ಆಗಲೇ ಹೆಸರುವಾಸಿಯಾಗಿದ್ದುವು. ಈ ಕಾರ್ಖಾನೆಯ ಮುಖ್ಯಾಧಿಕಾರಿಯಾಗಿದ್ದವನೇ ಸ್ಕಾಟ್. ಅವನು ಮದ್ರಾಸು ಸೈನ್ಯದವನು. ಮೊದಲು ಕ್ಯಾಪ್ಟನ್ ಆಗಿದ್ದು ಅನಂತರ ಕರ್ನಲ್ ಪದವಿಯನ್ನು ಪಡೆದವನು. ಕಾವೇರಿಯ ದಂಡೆಯ ಮನೆಯು ಅವನ ಸಂಸಾರದ ನೆಲೆಯಾಗಿದ್ದಿತು. ಮೈಸೂರಿನ ಅರಸರಿಗೂ ಅವನಿಗೂ ಸ್ನೇಹವಿದ್ದಿತೆಂದು ಪ್ರತೀತಿಯಿದೆ.

ಆ ವರ್ಷಗಳ ಶ್ರೀರಂಗಪಟ್ಟಣವು ದಿನದಿನಕ್ಕೆ ಕ್ಷೀಣಿಸುತ್ತಿದ್ದ ನಗರ. ೧೮೦೦ರಲ್ಲಿ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನನು ಟೀಪುವಿನ ಕಾಲದಲ್ಲಿ ದ್ವೀಪದ ಜನಸಂಖ್ಯೆಯು ಒಂದೂವರೆ ಲಕ್ಷವಿದ್ದಿರಬಹುದೆಂದೂ ತಾನು ಬಂದಾಗ ಅದು ಸುಮಾರು ೩೨ ಸಾವಿರಕ್ಕೆ ಇಳಿದಿತ್ತೆಂದೂ ಅಂದಾಜು ಮಾಡಿದ್ದಾನೆ. ಅರಮನೆಯು ಇಲ್ಲವಾದ ಮೇಲೆ ಅದನ್ನು ನಂಬಿ ಬದುಕಿದ್ದ ಕುಶಲಕರ್ಮಿಗಳೂ ವರ್ತಕರೂ ಬೇರೆ ಊರುಗಳಿಗೆ ತೆರಳಿದರು. ಉಳಿದವರನ್ನು ಚಳಿಜ್ವರವು ಕಾಡಿತು. ದಂಡಿನ ಸಿಪಾಯಿಗಳು ಕಾಳಗವಿಲ್ಲದೆಯೇ ಸಾಯತೊಡಗಿದರು. ಕೊನೆಗೆ ಕಂಪನಿಯವರು ೧೮೦೯ರ ಸುಮಾರಿನಲ್ಲಿ ತಮ್ಮ ಸೈನ್ಯದ ಮುಖ್ಯ ನೆಲೆಯನ್ನು ಬೆಂಗಳೂರಿಗೆ ವರ್ಗಾಯಿಸಿದರು. ಬೆಂಗಳೂರಿನ ದಂಡುಪ್ರದೇಶದ ಹುಟ್ಟಿಗೆ ಶ್ರೀರಂಗಪಟ್ಟಣದ ಜ್ವರವೂ ಒಂದು ಕಾರಣವೆಂಬುದು ಗಮನಾರ್ಹವಾದ ಸಂಗತಿ. ದಂಡು ಹೋದರೂ ಫಿರಂಗಿ ಗಾಡಿಯ ಕಾರ್ಖಾನೆಯು ಉಳಿದುದರಿಂದ ಸ್ಕಾಟನ ಸಂಸಾರವು ಇಲ್ಲಿಯೇ ಉಳಿಯಿತು.

ಇನ್ನು ಜನವಾರ್ತೆಯು ಹೇಳುವ ಕಥೆ. ಒಂದು ದಿನ ಸ್ಕಾಟನು ಕೆಲಸದಿಂದ ಹಿಂದಿರುಗಿ ಮನೆಯೊಳಗೆ ಕಾಲಿಟ್ಟಾಗ ಹೆಂಡತಿಯೂ ಹೆಣ್ಣುಮಕ್ಕಳಿಬ್ಬರೂ ಕಾಲರಾ ಬೇನೆಗೆ ತುತ್ತಾಗಿ ಪ್ರಾಣಬಿಟ್ಟಿದ್ದರು. ಅವರನ್ನು ಮಣ್ಣುಮಾಡಿದ ಬಳಿಕ ಅವನು ಆ ಮನೆಯಲ್ಲಿ ಕ್ಷಣಕಾಲವೂ ನಿಲ್ಲಲಾರದೆ ಉಟ್ಟ ಬಟ್ಟೆಯಲ್ಲಿಯೇ ಹೊರಟುಹೋದನು. ಎಲ್ಲಿಗೆ ಹೋದನೆಂಬುದು ಯಾರಿಗೂ ತಿಳಿಯಲಿಲ್ಲ. ಕಾವೇರಿಯಲ್ಲಿ ಮುಳುಗಿದನೆಂದು ಕೆಲವರು ನಂಬಿದರು. ಈ ಸುದ್ದಿಯು ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಮುಟ್ಟಿತು. ಮಿತ್ರನು ಎಂದಾದರೂ ಹಿಂದಿರುಗಿದರೆ ಅವನ ಮನೆಯು ಅವನು ಬಿಟ್ಟುಹೋದಂತೆಯೇ ಇರಬೇಕು, ಒಳಗಿನ ಒಂದು ವಸ್ತುವೂ ಕದಲಬಾರದು ಎಂದು ಅರಸರು ಅಪ್ಪಣೆ ಮಾಡಿದರು. ಅದರಂತೆ ಮಂಚ, ಮೇಜು, ಕುರ್ಚಿ, ವಾದ್ಯ ಮೊದಲಾದುವೆಲ್ಲ ಇದ್ದಲ್ಲಿಯೇ ಉಳಿದುವು. ಕಾವಲುಗಾರರು ಮನೆಯನ್ನು ಕಾದರು. ವರ್ಷಗಳು ಉರುಳಿದಂತೆ ಬಟ್ಟೆಗಳು ಜೀರ್ಣವಾದುವು, ಮರವು ಗೆದ್ದಲಿಗೆ ಆಹಾರವಾಯಿತು. ಮನೆಯ ಒಡೆಯನು ಬರಲಿಲ್ಲ.

ಈ ಕಥೆಯು ವಿಕ್ಟೋರಿಯಾ ಯುಗದ ಆಂಗ್ಲರ ಮನಸ್ಸನ್ನು ಸೆರೆಹಿಡಿಯಿತು. ವಾಲ್ಟರ್ ಯೆಲ್ಡ್‌ಹ್ಯಾಮ್ ಎಂಬ ಸೈನ್ಯಾಧಿಕಾರಿಯು ‘ಅಲಿಫ್ ಚೀಮ್’ ಎಂಬ ಕಾವ್ಯನಾಮದಿಂದ ಬರೆದ ‘ಲೇಸ್ ಆಫ್ ಇಂಡ್’ ಎಂಬ ಕವನಸಂಗ್ರಹವು ೧೮೭೦ರ ದಶಕದಲ್ಲಿ ಆಂಗ್ಲ ಓದುಗರಲ್ಲಿ ಬಹು ಜನಪ್ರಿಯವಾಗಿದ್ದಿತು. ಅದರ ಹೆಚ್ಚಿನ ಕವನಗಳು ನಗೆಗವನಗಳು. ಆದರೆ ‘ದಿ ಡೆಸರ್ಟೆಡ್ ಬಂಗಲೋ’ ಎಂಬ ಕವನಕ್ಕೆ ಶ್ರೀರಂಗಪಟ್ಟಣದ ಈ ಮನೆಯೇ ವಸ್ತು. ಅದು ನಗೆಯನ್ನು ಬದಿಗಿಟ್ಟು ಬರೆದದ್ದು. ಆ ಕವನವನ್ನು ಓದಿ ಬಂದವರು ಮನೆಯನ್ನು ನೋಡಿದರು. ಮನೆಯನ್ನು ನೋಡಿದವರು ಕಥೆಯನ್ನು ಊರೂರಿಗೆ ಒಯ್ದರು. ತಮ್ಮ ನಾಡನ್ನು ಬಿಟ್ಟು ಸಾವಿರಾರು ಮೈಲಿ ದೂರ ಬಂದು, ಹೆಂಡತಿ ಮಕ್ಕಳನ್ನು ಇಲ್ಲಿಯ ಮಣ್ಣಿಗೆ ಒಪ್ಪಿಸಿದ ಆಂಗ್ಲ ಸಂಸಾರಗಳು ಅಂದು ಅನೇಕವಿದ್ದುವು. ಅವರಿಗೆ ಸ್ಕಾಟನ ಕಥೆಯು ಪರರ ಕಥೆಯಾಗಿ ತೋರದಿದ್ದುದರಲ್ಲಿ ಆಶ್ಚರ್ಯವಿಲ್ಲ.

ಕಥೆಯು ಹೀಗಿರಲು, ಅದೇ ದ್ವೀಪದಲ್ಲಿ ಕಾವೇರಿಗೆ ಸಮೀಪವಾಗಿರುವ ದಂಡಿನ ಸ್ಮಶಾನವು ಬೇರೊಂದು ಮಾತನ್ನು ಹೇಳುತ್ತದೆ. ಅಲ್ಲಿ ಮುನ್ನೂರರಷ್ಟು ಸಮಾಧಿಗಳಿವೆ. ಅವುಗಳಲ್ಲಿ ಹಲವು ದ ಮ್ಯೂರೋನ್ ಎಂಬ ಸ್ವಿಸ್ ಪಡೆಗೆ ಸೇರಿದವರವು. ಸಿಂಹಳದಲ್ಲಿ ಡಚ್ಚರ ಸೇವೆಯಲ್ಲಿದ್ದ ಈ ಪಡೆಯು ೧೭೯೫ರಲ್ಲಿ ಆಂಗ್ಲರ ಕಡೆಗೆ ಸೇರಿ, ೧೭೯೯ರ ಮುತ್ತಿಗೆಯಲ್ಲಿ ಪಾಲುಗೊಂಡು, ಬಳಿಕ ದ್ವೀಪದಲ್ಲಿ ನೆಲೆಸಿದ್ದಿತು. ಬಹುಕಾಲ ಪೊದೆಗಳ ನಡುವೆ ಹುದುಗಿದ್ದ ಈ ಸ್ಮಶಾನವನ್ನು ೨೦೦೭-೦೮ರಲ್ಲಿ ಆ ಸ್ವಿಸ್ ಮನೆತನದ ವಂಶಜರು ಭಾರತೀಯ ಪುರಾತತ್ತ್ವ ಇಲಾಖೆಯ ಮೇಲ್ವಿಚಾರಣೆಯಲ್ಲಿ ಜೀರ್ಣೋದ್ಧಾರ ಮಾಡಿಸಿದರು. ಅಲ್ಲಿಯ ಸಮಾಧಿಗಳಲ್ಲೊಂದು ಕ್ಯಾರೊಲಿನ್ ಇಸಾಬೆಲ್ಲಾ ಸ್ಕಾಟ್ ಎಂಬಾಕೆಯದು. ಆಕೆಯೇ ಬಂಗಲೆಯ ಸ್ಕಾಟನ ಪತ್ನಿ. ೧೮೧೭ರ ಏಪ್ರಿಲ್ ೧೯ರಂದು ಆಕೆಯು ಹೆರಿಗೆಯಲ್ಲಿ ತೀರಿಕೊಂಡಳು.

ಕಾಲರಾ ಬೇನೆಯ ಇತಿಹಾಸವನ್ನು ಈ ದಿನಾಂಕದ ಪಕ್ಕದಲ್ಲಿಟ್ಟು ನೋಡಿದರೆ ಮತ್ತೊಂದು ಸಂಗತಿಯು ಹೊಳೆಯುತ್ತದೆ. ಹತ್ತೊಂಬತ್ತನೆಯ ಶತಮಾನದ ಮೊದಲ ಮಹಾಮಾರಿಯು ತಲೆಯೆತ್ತಿದ್ದು ವಂಗದೇಶದ ಜೆಸ್ಸೋರಿನಲ್ಲಿ, ೧೮೧೭ರ ಆಗಸ್ಟಿನಲ್ಲಿ. ಅದು ದಕ್ಷಿಣಕ್ಕೆ ಇಳಿದು ಮದ್ರಾಸು ಪ್ರಾಂತವನ್ನು ಆವರಿಸಿದ್ದು ೧೮೧೮ರಲ್ಲಿ. ಅಂದರೆ ಕ್ಯಾರೊಲಿನಳು ತೀರಿಕೊಂಡಾಗ ಆ ಮಾರಿಯು ಇನ್ನೂ ಹುಟ್ಟಿರಲಿಲ್ಲ. ಅದಕ್ಕೂ ಹಿಂದೆ ಅಲ್ಲಲ್ಲಿ ಇಂಥ ಬೇನೆಯು ಇದ್ದಿತೆಂಬುದು ನಿಜ. ಆದರೆ ಒಂದೇ ದಿನದಲ್ಲಿ ಮನೆಮಂದಿಯನ್ನೆಲ್ಲ ಒಯ್ಯುವ ಘೋರಮಾರಿಯಾಗಿ ಅದು ಜನಮನದಲ್ಲಿ ನೆಲೆನಿಂತದ್ದು ೧೮೧೮ರ ಬಳಿಕ. ಹಳ್ಳಿಗಳಲ್ಲಿ ಮಾರಮ್ಮನ ಹಬ್ಬಗಳು ನಡೆದುದು, ಊರುಗಳನ್ನೇ ಬಿಟ್ಟು ಜನರು ಗುಳೆಹೋದುದು ಈ ಬೇನೆಯ ಭಯಕ್ಕೆ ಸಾಕ್ಷಿಯಾಗಿವೆ. ಆದುದರಿಂದ ಹೆರಿಗೆಯ ಸಾವಿಗೆ ಕಾಲರಾದ ರೂಪವು ಬಂದುದು ಮುಂದಿನ ತಲೆಮಾರಿನ ಬಾಯಲ್ಲಿ ಎಂದು ಊಹಿಸುವುದು ಅಸಂಗತವಾಗಲಾರದು.

ಸ್ಕಾಟನ ವಿಷಯದಲ್ಲಿಯೂ ಹೀಗೆಯೇ. ಅವನು ನದಿಯಲ್ಲಿ ಮುಳುಗಲಿಲ್ಲ. ಹುದ್ದೆಯನ್ನು ಬಿಟ್ಟು ಇಂಗ್ಲೆಂಡಿಗೆ ಹಿಂದಿರುಗಿ, ಹಲವು ವರ್ಷಗಳ ಅನಂತರ ಅಲ್ಲಿಯೇ ತೀರಿಕೊಂಡನು. ಆದರೆ ಅವನು ಶ್ರೀರಂಗಪಟ್ಟಣಕ್ಕೆ ಮರಳಿ ಬರಲಿಲ್ಲವೆಂಬುದು ದಿಟ. ಕಥೆಗೆ ಅಷ್ಟೇ ಬೀಜವು ಸಾಕಾಯಿತು. ಬರಲಿಲ್ಲ ಎಂಬುದು ಕಾಣೆಯಾದ ಎಂದಾಯಿತು. ಕಾಣೆಯಾದ ಎಂಬುದು ಹೊಳೆಗೆ ಹಾರಿದ ಎಂದಾಯಿತು.

ಒಂದು ಸಾವು ಮೂರಾಯಿತು. ಹೆರಿಗೆಯ ಸಾವು ಮಹಾಮಾರಿಯ ಸಾವಾಯಿತು. ಈ ಮಾರ್ಪಾಡಿಗೆ ಕಾರಣವೇನು? ಅಂದು ಹೆರಿಗೆಯಲ್ಲಿ ಹೆಂಗಸು ಸಾಯುವುದು ನಿತ್ಯದ ಮಾತಾಗಿದ್ದಿತು. ಮದ್ದೂರು, ಮಳವಳ್ಳಿ ಸೀಮೆಯ ಒಕ್ಕಲಿನ ಮನೆಯಾಗಲಿ, ಅರಮನೆಯಾಗಲಿ, ಆಂಗ್ಲ ಕರ್ನಲನ ಬಂಗಲೆಯಾಗಲಿ ಈ ಭಯಕ್ಕೆ ಹೊರತಾಗಿರಲಿಲ್ಲ. ನಿತ್ಯದ ಸಾವನ್ನು ಕಥೆಗಾರನು ಕಥೆಯೆಂದು ಎಣಿಸುವುದಿಲ್ಲ. ಅರಸನು ಮನೆಯೊಂದನ್ನು ಮುಚ್ಚಿ ಕಾಯಿಸಬೇಕಾದರೆ ಅದಕ್ಕೆ ತಕ್ಕಷ್ಟು ದೊಡ್ಡ ದುರಂತವು ನಡೆದಿರಲೇಬೇಕೆಂದು ಕೇಳುವವರ ಮನಸ್ಸು ಬಯಸುತ್ತದೆ. ಒಬ್ಬಳ ಸಾವು ಸಾಲದೆಂದು ಅದು ಮೂವರನ್ನು ಕಲ್ಪಿಸಿತು.

ಈ ಕಲ್ಪನೆಗೆ ತೆತ್ತ ಬೆಲೆಯು ಚಿಕ್ಕದಲ್ಲ. ಜನವಾರ್ತೆಯಲ್ಲಿ ಸ್ಕಾಟನಿಗೆ ಹೆಸರಿದೆ, ಪದವಿಯಿದೆ, ಮನೆಗೆ ಅವನ ಹೆಸರೇ ನಿಂತಿದೆ. ಆದರೆ ಯಾರ ಸಾವಿನಿಂದ ಆ ಮನೆಯು ಬರಿದಾಯಿತೋ ಆಕೆಗೆ ಕಥೆಯಲ್ಲಿ ಹೆಸರಿಲ್ಲ. ಆಕೆಯು ‘ಹೆಂಡತಿ’ ಮಾತ್ರ. ಆಕೆಯು ಹೇಗೆ ಸತ್ತಳೆಂಬುದನ್ನೂ ಕಥೆಯು ಅಳಿಸಿಹಾಕಿತು. ಆಕೆಯ ಹೆಸರು ಉಳಿದುದು ಸ್ಮಶಾನದ ಕಲ್ಲಿನಲ್ಲಿ ಮಾತ್ರ. ಕಥೆಯು ಎಷ್ಟು ಕರುಣಾಜನಕವೋ ಅದು ಮಾಡಿದ ಮರೆವೂ ಅಷ್ಟೇ ಕರುಣಾಜನಕವಾಗಿದೆ.

ವಚನ ಸಾಹಿತ್ಯದ ಅಭ್ಯಾಸಿಗಳಿಗೆ ಈ ಬಗೆಯ ತೊಡಕು ಅಪರಿಚಿತವಲ್ಲ. ಹರಿಹರನ ರಗಳೆ, ಭೀಮಕವಿಯ ಪುರಾಣ ಮೊದಲಾದ ಕಾವ್ಯಗಳು ಬಸವಣ್ಣನವರ ಚರಿತ್ರೆಯನ್ನು ಭಕ್ತಿಯ ದೃಷ್ಟಿಯಿಂದ ಹೇಳುತ್ತವೆ. ಕ್ರಿ.ಶ. ೧೨೬೦ರ ಅರ್ಜುನವಾಡದ ಶಾಸನವು ಕೆಲವೇ ಸಾಲುಗಳಲ್ಲಿ ಅವರ ಮನೆತನದ ಹೆಸರುಗಳನ್ನು ಹೇಳಿ ಸುಮ್ಮನಾಗುತ್ತದೆ. ವಿದ್ವಾಂಸರು ಶಾಸನವನ್ನು ಕಂಡೊಡನೆ ಕಾವ್ಯಗಳನ್ನು ಎಸೆಯಲಿಲ್ಲ. ಕಾವ್ಯಗಳಿವೆಯೆಂದು ಶಾಸನವನ್ನು ಕಡೆಗಣಿಸಲೂ ಇಲ್ಲ. ಶಾಸನದಿಂದ ಸಂಗತಿಯನ್ನೂ ಕಾವ್ಯದಿಂದ ಜನರ ಭಾವವನ್ನೂ ತಿಳಿಯುವ ಕ್ರಮವೊಂದನ್ನು ರೂಢಿಸಿದರು. ಸ್ಕಾಟ್ ಬಂಗಲೆಯು ಮಹಾಪುರುಷರ ಚರಿತ್ರೆಗೆ ಸಂಬಂಧಿಸಿದುದಲ್ಲವಾದರೂ ಇಲ್ಲಿ ಅನುಸರಿಸಬೇಕಾದ ಕ್ರಮವು ಅದೇ ಆಗಿದೆ. ಸಮಾಧಿಯ ಕಲ್ಲು ನಡೆದುದನ್ನು ಹೇಳುತ್ತದೆ. ಜನವಾರ್ತೆಯು ನಡೆದುದರ ಬಗ್ಗೆ ಜನರಿಗೆ ಏನನ್ನಿಸಿತೆಂಬುದನ್ನು ಹೇಳುತ್ತದೆ.

ಹಾಗಾದರೆ ಜನವಾರ್ತೆಯಲ್ಲಿ ಉಳಿಯುವ ತಿರುಳು ಯಾವುದು? ಮನೆಯನ್ನು ಕಾಪಿಟ್ಟರೆಂಬುದೇ ಆ ತಿರುಳು. ಅದರ ಮಹತ್ತ್ವವನ್ನು ಅರಿಯಬೇಕಾದರೆ ಅದೇ ದ್ವೀಪದ ಇತರ ಮನೆಗಳ ಗತಿಯನ್ನು ನೋಡಬೇಕು. ಕೋಟೆಯೊಳಗೆ ಟೀಪುವು ವಾಸಿಸುತ್ತಿದ್ದ ಲಾಲ್‌ಮಹಲ್ ಅರಮನೆಯು ಕೆಡವಲ್ಪಟ್ಟು, ಇಂದು ಅದರ ತಳಪಾಯದ ಅವಶೇಷಗಳು ಮಾತ್ರ ಕಾಣುತ್ತವೆ. ದ್ವೀಪದ ಪೂರ್ವ ಭಾಗದಲ್ಲಿದ್ದ ಲಾಲ್‌ಬಾಗಿನ ಅರಮನೆಯ ತೊಲೆಗಳನ್ನು ಕಳಚಿ ನೀಲಗಿರಿಗೆ ಸಾಗಿಸಿ, ೧೮೨೯ರಲ್ಲಿ ಆರಂಭವಾದ ಉದಕಮಂಡಲದ ಸೇಂಟ್ ಸ್ಟೀಫನ್ಸ್ ಚರ್ಚಿಗೆ ಬಳಸಲಾಯಿತು. ದ್ವೀಪದಲ್ಲಿ ಸುಲ್ತಾನನ ಮನೆಯ ಮರಕ್ಕೂ ಕಾವಲಿರಲಿಲ್ಲ.

ಉಳಿದ ಮನೆಗಳು ಉಳಿದುದಕ್ಕೆ ಬೇರೆ ಬೇರೆ ಕಾರಣಗಳಿವೆ. ೧೭೮೪ರಲ್ಲಿ ಟೀಪುವು ಕಟ್ಟಿಸಿದ ದರಿಯಾ ದೌಲತ್ ಅರಮನೆಯು ಉಳಿದುದು ವೆಲ್ಲೆಸ್ಲಿಯು ಅಲ್ಲಿ ವಾಸಿಸಿದ್ದನೆಂಬ ಕಾರಣಕ್ಕೆ. ೧೮೫೫ರಲ್ಲಿ ಮೈಸೂರು ಸೀಮೆಗೆ ಬಂದ ಗವರ್ನರ್ ಜನರಲ್ ಡಾಲ್‌ಹೌಸಿಯು ಮಾಸಿದ ಅದರ ಭಿತ್ತಿಚಿತ್ರಗಳನ್ನು ಮತ್ತೆ ಬರೆಯಿಸಲು ಅಪ್ಪಣೆ ಮಾಡಿದನು. ಜನರಲ್ ಹ್ಯಾರಿಸನು ಕೆಲವು ದಿನ ತಂಗಿದ್ದ ಮನೆಯೊಂದು ಅವನ ಹೆಸರಿನಿಂದ ಉಳಿಯಿತು. ದಿವಾನ್ ಪೂರ್ಣಯ್ಯನವರು ನಿವೃತ್ತಿಯ ಬಳಿಕ ೧೮೧೨ರಲ್ಲಿ ಕೊನೆಯುಸಿರೆಳೆದುದು ಅದೇ ಮನೆಯಲ್ಲಿ. ಗೆದ್ದವರ ನೆನಪಿಗಾಗಿ ಮನೆಗಳು ಉಳಿಯುವುದು ಲೋಕದ ರೂಢಿ. ಸ್ಕಾಟನು ಯಾವ ಕೀರ್ತಿಗೂ ಪಾತ್ರನಾದವನಲ್ಲ. ಅವನ ಮನೆಯು ಉಳಿದುದು ಅಲ್ಲಿ ಗೆದ್ದವನೊಬ್ಬನು ಇದ್ದನೆಂದಲ್ಲ, ಕಳೆದುಕೊಂಡವನೊಬ್ಬನು ಇದ್ದನೆಂದು.

ಈ ಭಾವವು ಮುಮ್ಮಡಿ ಕೃಷ್ಣರಾಜ ಒಡೆಯರಲ್ಲಿ ಹೇಗೆ ಮೂಡಿತೆಂಬುದನ್ನು ಅರಿಯಲು ಅವರ ಬಾಲ್ಯವನ್ನು ನೆನೆಯಬೇಕು. ಅವರು ಹುಟ್ಟಿದುದು ೧೭೯೪ರಲ್ಲಿ, ಇದೇ ಶ್ರೀರಂಗಪಟ್ಟಣದಲ್ಲಿ. ೧೭೯೬ರಲ್ಲಿ ತಂದೆ ಚಾಮರಾಜ ಒಡೆಯರು ತೀರಿಕೊಂಡಾಗ ಟೀಪುವು ಬೇರೆ ಅರಸನನ್ನು ಪಟ್ಟಕ್ಕೆ ಕೂರಿಸಲಿಲ್ಲ. ರಾಜಮನೆತನದವರನ್ನು ಅರಮನೆಯಿಂದ ಹೊರಡಿಸಿ, ಇದ್ದ ಬದ್ದ ವಸ್ತುಗಳನ್ನೆಲ್ಲ ತೆಗೆದುಕೊಂಡು, ಬಡ ಮನೆಯೊಂದರಲ್ಲಿ ಇರಿಸಲಾಯಿತು. ಅಂದು ಕೃಷ್ಣರಾಜರು ಎರಡು ವರ್ಷದ ಕೂಸು. ೧೭೯೯ರಲ್ಲಿ ಕೋಟೆಯು ಬಿದ್ದ ಮೇಲೆ ಆಂಗ್ಲರ ಪ್ರತಿನಿಧಿಗಳು ಬಂದು ಅವರನ್ನು ಕಂಡದ್ದು ಅಂಥ ಬಡತನದ ನೆಲೆಯಲ್ಲಿಯೇ. ತನ್ನ ಮನೆಯ ವಸ್ತುಗಳು ಒಂದೊಂದಾಗಿ ಹೊರಗೆ ಹೋದ ಊರಿನಲ್ಲಿಯೇ, ಮತ್ತೊಬ್ಬನ ಮನೆಯ ಒಂದು ವಸ್ತುವೂ ಹೊರಗೆ ಹೋಗಬಾರದೆಂದು ಆಜ್ಞಾಪಿಸಿದ ಅರಸರು ಇವರು. ಕೂಸಿಗೆ ಆ ದಿನಗಳ ನೆನಪಿರಲಾರದು. ಆದರೆ ಅರಮನೆಯ ಹಿರಿಯ ಹೆಂಗಸರಿಗೆ ಅದು ಮರೆತಿರಲಾರದು. ಅವರ ಮಡಿಲಲ್ಲಿ ಬೆಳೆದ ಅರಸನು ಅದನ್ನು ಕೇಳದಿರಲಾರನು.

೧೮೧೭ರಲ್ಲಿ ಅರಸರಿಗೆ ೨೩ರ ಹರೆಯ. ಪೂರ್ಣಯ್ಯನವರಿಂದ ಆಡಳಿತವನ್ನು ವಹಿಸಿಕೊಂಡು ಆರೇಳು ವರ್ಷಗಳಾಗಿದ್ದುವು. ಆದರೂ ಶ್ರೀರಂಗಪಟ್ಟಣವು ಅವರ ಸ್ವಂತ ನೆಲವಾಗಿರಲಿಲ್ಲವೆಂಬುದನ್ನು ಮರೆಯಬಾರದು. ದ್ವೀಪವು ಕಂಪನಿಯದು. ಮೈಸೂರು ಸಂಸ್ಥಾನವು ವರ್ಷಕ್ಕೆ ೫೦,೦೦೦ ರೂಪಾಯಿಗಳನ್ನು ತೆತ್ತು ಅದನ್ನು ಗುತ್ತಿಗೆಯಾಗಿ ಪಡೆದಿದ್ದಿತು. ಒಡೆಯರ ಮನೆತನವು ಎರಡು ಶತಮಾನಗಳ ಹತ್ತಿರ ಆಳಿದ ರಾಜಧಾನಿಗೆ ಒಡೆಯರೇ ಬಾಡಿಗೆದಾರರಾಗಿದ್ದರು. ಅಂಥ ನೆಲದ ಮೇಲೆ, ಪರದೇಶದ ಮಿತ್ರನ ಮನೆಗೆ ಅವರು ಕಾವಲಿಟ್ಟರು.

ಮುಂದೆ ೧೮೩೧ರಲ್ಲಿ ಕಂಪನಿ ಸರ್ಕಾರವು ಸಂಸ್ಥಾನದ ಆಡಳಿತವನ್ನೇ ಅವರ ಕೈಯಿಂದ ತೆಗೆದುಕೊಂಡಿತು. ಅರಸರು ೧೮೬೮ರ ಮಾರ್ಚ್ ೨೭ರಂದು ತೀರಿಕೊಳ್ಳುವವರೆಗೂ, ಸುಮಾರು ಮೂವತ್ತೇಳು ವರ್ಷಗಳ ಕಾಲ, ತಮ್ಮ ಆಡಳಿತವು ಮರಳಿ ಬರುವುದೆಂದು ಕಾದರು. ಆ ಅವಧಿಯಲ್ಲಿ ಅವರ ಆಶ್ರಯದಲ್ಲಿ ವಿದ್ವಾಂಸರೂ ಕಲಾವಿದರೂ ಬೆಳೆದರು. ‘ಶ್ರೀತತ್ತ್ವನಿಧಿ’ಯಂಥ ಬೃಹತ್ ಗ್ರಂಥವು ಸಿದ್ಧವಾಯಿತು. ಅಧಿಕಾರವಿಲ್ಲದ ಅರಸನಿಗೆ ಉಳಿದ ಒಡೆತನವೆಂದರೆ ಕಾಪಿಡುವ ಒಡೆತನ ಒಂದೇ. ಸ್ಕಾಟನ ಮನೆಯೂ ಅವರ ಹಾಗೆಯೇ ಒಡೆಯನ ದಾರಿಯನ್ನು ಕಾಯುತ್ತಿದ್ದಿತೆಂಬುದನ್ನು ಇಲ್ಲಿ ಗಮನಿಸಬಹುದು. ೧೮೮೧ರಲ್ಲಿ ಆಡಳಿತವು ಒಡೆಯರ ಮನೆತನಕ್ಕೆ ಹಿಂದಿರುಗಿದಾಗ ಬೆಂಗಳೂರಿನ ದಂಡುಪ್ರದೇಶವನ್ನು ಆಂಗ್ಲರಿಗೆ ಬಿಟ್ಟುಕೊಟ್ಟು, ಅದಕ್ಕೆ ಬದಲಾಗಿ ಶ್ರೀರಂಗಪಟ್ಟಣದ ದ್ವೀಪವನ್ನು ಸಂಸ್ಥಾನಕ್ಕೆ ಪಡೆಯಲಾಯಿತು. ಆಗಲೇ ಆ ಮನೆಯ ನೆಲವು ನಿಜವಾದ ಅರ್ಥದಲ್ಲಿ ಮೈಸೂರಿನದಾಯಿತು. ಅದನ್ನು ಕಾಯಿಸಿದ ಅರಸರು ತೀರಿಕೊಂಡು ಅಷ್ಟರಲ್ಲಿ ೧೩ ವರ್ಷಗಳು ಕಳೆದಿದ್ದುವು.

ಶರಣರು ಸ್ಥಾವರ, ಜಂಗಮ ಎಂಬ ಎರಡು ಮಾತುಗಳನ್ನು ಬಳಸಿ, ನಿಂತದ್ದು ಅಳಿಯುವುದನ್ನೂ ನಡೆಯುವುದು ಉಳಿಯುವುದನ್ನೂ ಬೋಧಿಸಿದರು. ಆ ಬೋಧೆಯ ಆಧ್ಯಾತ್ಮಿಕ ಎತ್ತರವು ಬೇರೆ. ಅದನ್ನು ಕೇವಲ ಲೌಕಿಕಾರ್ಥದಲ್ಲಿ ಈ ಮನೆಗೆ ಹೊಂದಿಸಿ ನೋಡಿದರೂ ಒಂದು ವಿಚಾರವು ದೊರೆಯುತ್ತದೆ. ಮನೆಯೊಳಗಿನ ಮಂಚ ಕುರ್ಚಿಗಳು ಅಳಿದುವು. ಬಾಯಿಂದ ಬಾಯಿಗೆ ನಡೆದ ಕಥೆಯು ಉಳಿಯಿತು. ಆದರೆ ಕಥೆಯು ನಡೆಯುತ್ತ ನಡೆಯುತ್ತ ಸತ್ಯದ ಭಾರವನ್ನು ದಾರಿಯಲ್ಲಿಯೇ ಇಳಿಸಿತು. ಅದನ್ನು ಇನ್ನೂರು ವರ್ಷ ಹೊತ್ತು ನಿಂತದ್ದು ಯಾರೂ ಓದದ ಒಂದು ಕಲ್ಲು. ನಡೆಯುವುದೆಲ್ಲವೂ ಸತ್ಯವನ್ನು ಒಯ್ಯುವುದಿಲ್ಲ. ನುಡಿಯು ದಿಟದೊಡನೆ ಕೂಡಿ ನಡೆದರೆ ಮಾತ್ರ ಆ ನಡೆಗೆ ಬೆಲೆ. ನಡೆನುಡಿಗಳ ಹೊಂದಿಕೆಯನ್ನು ಅಷ್ಟು ಒತ್ತಿ ಹೇಳಿದ ಪರಂಪರೆಯ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇಂದು ಈ ಮನೆಯನ್ನು ನೋಡುವವರು ಕಡಮೆ. ೨೦೨೩ರಲ್ಲಿ ಉದ್ಘಾಟನೆಗೊಂಡ ಬೆಂಗಳೂರು-ಮೈಸೂರು ಹೆದ್ದಾರಿಯು ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳನ್ನು ಊರ ಹೊರಗಿನಿಂದಲೇ ಬಳಸಿಕೊಂಡು ಹೋಗುತ್ತದೆ. ಪ್ರಯಾಣದ ವೇಗವು ಹೆಚ್ಚಿತು. ದಾರಿಯಲ್ಲಿ ಇಳಿದು ನೋಡುವ ಅಭ್ಯಾಸವು ತಗ್ಗಿತು. ಶ್ರೀರಂಗಪಟ್ಟಣದಲ್ಲಿ ಇಳಿದವರೂ ಶ್ರೀರಂಗನಾಥನ ದೇವಾಲಯ, ದರಿಯಾ ದೌಲತ್, ಗುಂಬಜ್‌ಗಳನ್ನು ನೋಡಿ ಮರಳುತ್ತಾರೆ. ಬಂಗಲೆಯನ್ನು ಹುಡುಕಿಕೊಂಡು ಹೋಗುವ ಕೆಲವರಿಗೆ ಕಾಲರಾ 
ಬೇನೆಯ ಕಥೆಯೇ ಇಂದಿಗೂ ದೊರೆಯುತ್ತದೆ. ದೆವ್ವದ ಮಾತನ್ನು ಸೇರಿಸಿ ಹೇಳುವವರೂ ಇಲ್ಲದಿಲ್ಲ. ಹೀಗೆ ಬಿಟ್ಟರೆ ಕರುಣೆಯಿಂದ ಕಾಪಿಟ್ಟ ಮನೆಯು ಭಯದ ಮನೆಯಾಗಿ ಮಾರ್ಪಡುವುದಕ್ಕೆ ಬಹುಕಾಲ ಬೇಕಾಗಲಾರದು.

ಹಳೆಯ ಕಟ್ಟಡವನ್ನು ಉಳಿಸುವುದೆಂದರೆ ಗೋಡೆಗೆ ಗಾರೆ ಮೆತ್ತುವುದಷ್ಟೇ ಅಲ್ಲ. ಅದು ಏಕೆ ಉಳಿಯಿತೆಂಬ ಕಾರಣವನ್ನೂ ಉಳಿಸಬೇಕು. ಮದ್ದೂರಿನಲ್ಲಿ ಶಿಂಷಾ ನದಿಗೆ ೧೮೫೦ರಲ್ಲಿ ಕಟ್ಟಿದ ಏಳು ಕಮಾನುಗಳ ಇಟ್ಟಿಗೆಯ ಸೇತುವೆ, ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ರಾಮಸ್ವಾಮಿ ಮೊದಲಿಯಾರರು ಕಟ್ಟಿಸಿದ ಕಲ್ಲಿನ ಸೇತುವೆಗಳು ಇವೆಲ್ಲ ಜನರು ನಡೆದಾಡಿ ಬಳಸಿದ ಕಟ್ಟಡಗಳು. ಅವುಗಳ ಉಪಯೋಗವೇ ಅವುಗಳ ಇತಿಹಾಸವನ್ನು ಹೇಳುತ್ತದೆ. ಉಪಯೋಗವಿಲ್ಲದೆ ಕಾಪಿಟ್ಟ ಮನೆಗೆ ಅಂಥ ಸೌಲಭ್ಯವಿಲ್ಲ. ಅದರ ಕಾರಣವು ತಪ್ಪಿದರೆ ಅದು ಪಾಳು ಕಟ್ಟಡವಷ್ಟೇ.

ಸ್ಥಳೀಯ ಚರಿತ್ರೆಯಲ್ಲಿ ಆಸಕ್ತಿಯುಳ್ಳ ವಿದ್ಯಾರ್ಥಿಗಳು ಬಂಗಲೆಯನ್ನೂ ಸ್ಮಶಾನವನ್ನೂ ಒಂದೇ ದಿನ ನೋಡುವುದು ಯುಕ್ತ. ಎರಡೂ ಒಂದೇ ದ್ವೀಪದಲ್ಲಿವೆ. ನಡೆದೇ ಹೋಗಬಹುದಾದ ದೂರ. ಬಂಗಲೆಯ ಮುಂದೆ ಎಂದಾದರೂ ಫಲಕವೊಂದನ್ನು ನಿಲ್ಲಿಸುವುದಾದರೆ ಅದರಲ್ಲಿ ಮೂರು ಹೆಸರುಗಳಿರಬೇಕು: ಇಲ್ಲಿ ಬಾಳಿದ ಸ್ಕಾಟನದು, ಮನೆಯನ್ನು ಕಾಯಿಸಿದ ಮುಮ್ಮಡಿ ಕೃಷ್ಣರಾಜ ಒಡೆಯರದು, ಇವೆರಡಕ್ಕಿಂತ ಮೊದಲು, ೧೮೧೭ರ ಏಪ್ರಿಲ್ ೧೯ರಂದು ಹೆರಿಗೆಯಲ್ಲಿ ತೀರಿಕೊಂಡ ಕ್ಯಾರೊಲಿನ್ ಇಸಾಬೆಲ್ಲಾ ಸ್ಕಾಟಳದು.